ಅರಿಶಿನ ಹಚ್ಚಿದ ಕೋಳಿಗಳು

ಗೊಬ್ಬರ ತರಲು ಹೋದವಳು ಕೋಳಿ ತಂದೆ. ನನ್ನನ್ನು ಬಲ್ಲವರು ಯಾರೂ ಇದಕ್ಕೆ ಆಶ್ಚರ್ಯಪಡಲಿಲ್ಲ. ಸೊಪ್ಪು ತರಲು ಸಂತೆಗೆ ಹೋಗಿ ಇಸ್ತ್ರಿಪೆಟ್ಟಿಗೆ ತಂದವಳು, ಬೀಗರ ಮನೆ ಊಟಕ್ಕೆ ಹೋಗಿ ಬೇರೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಂದವಳು ನಾನು. ಇಂಥವಳು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಕಣ್ಣಿಟ್ಟು ನೋಡಬೇಕು, ನೋಡಿದ್ದನ್ನು ಇದ್ದಂತೆ ಹೇಳಬೇಕು, ಅದೇ ವಿಜ್ಞಾನ ಎಂದು ಪ್ರತಿ ಜೂನ್ ತಿಂಗಳಲ್ಲೂ ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳುತ್ತೇನೆ. ಮಕ್ಕಳು ಅದನ್ನು ಬರೆದುಕೊಳ್ಳುತ್ತಾರೆ, ಪಾಪ.

ನಮ್ಮೂರು ಪಾಂಡವಪುರಕ್ಕೂ ಶ್ರೀರಂಗಪಟ್ಟಣಕ್ಕೂ ನಡುವೆ, ನಾಲೆಯ ಪಕ್ಕ. ಯಜಮಾನರು ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ನೌಕರರು. ಹೆಣ್ಣುಮಕ್ಕಳಿಬ್ಬರೂ ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ಓದುತ್ತಾರೆ. ಮನೆಯಲ್ಲಿ ಉಳಿಯುವವರು ನಾವಿಬ್ಬರು, ಜೊತೆಗೆ ನಮ್ಮತ್ತೆ. ಅತ್ತೆಗೂ ನನಗೂ ಜಗಳವಿರಲಿಲ್ಲ. ಜಗಳ ಆಡುವಷ್ಟು ಮಾತೇ ಇರಲಿಲ್ಲ. ಉಪ್ಪು ಕಡಿಮೆಯಾದರೆ ಅವರು ಮಗನಿಗೆ ಹೇಳುತ್ತಿದ್ದರು, ಮಗ ನನಗೆ ಹೇಳುತ್ತಿದ್ದರು, ನಾನು ಉಪ್ಪಿನ ಡಬ್ಬಿಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆದುಕೊಂಡು ಬಂದಿತ್ತು.

ಹೋದ ದೀಪಾವಳಿ ಕಳೆದ ಮೇಲೆ ಹಿತ್ತಲಿನ ಕರಿಬೇವಿನ ಗಿಡಕ್ಕೆ ಕೋಳಿಗೊಬ್ಬರ ಹಾಕಬೇಕೆಂಬ ಹುಚ್ಚು ನನಗೆ ಹತ್ತಿತು. ನಾಗಮಂಗಲದ ಕಡೆ ಒಂದು ಮೊಟ್ಟೆಕೋಳಿ ಫಾರಂ ಮುಚ್ಚಿದೆ, ಗೊಬ್ಬರ ಬಿಟ್ಟಿ ಸಿಗುತ್ತದೆ ಎಂದು ಶಾಲೆಯಲ್ಲಿ ಯಾರೋ ಹೇಳಿದ್ದರು. ಭಾನುವಾರ ಬೆಳಿಗ್ಗೆ ಯಜಮಾನರನ್ನು ಎಬ್ಬಿಸಿಕೊಂಡು, ಲಗೇಜ್ ಆಟೊ ಮಾಡಿಕೊಂಡು ಹೊರಟೆ. ಉದ್ದನೆಯ ಶೆಡ್ಡು. ಮಾಲೀಕರು ಕೈತೊಳೆದುಕೊಂಡು ಹೋಗಿದ್ದರು. ಮಾರಾಟಕ್ಕೆ ಆಗುವಂಥ ಕೋಳಿಗಳನ್ನೆಲ್ಲ ಲಾರಿಯವರು ಹೇರಿಕೊಂಡು, ಯಾರಿಗೂ ಬೇಡವಾದ ಬೋಳು ಕೋಳಿಗಳನ್ನು ತಂತಿಯ ಗೂಡಿನಲ್ಲೇ ಬಿಟ್ಟಿದ್ದರು. ನೀರಿನ ಪೈಪು ಒಣಗಿತ್ತು. ಪಂಪ್‌ಸೆಟ್ ಕಾಯಲು ಇದ್ದವನು ನೆನಪಾದಾಗ ಒಂದು ಮಗ್ಗು ನೀರು, ಒಂದು ಹಿಡಿ ನುಚ್ಚು ಎರಚುತ್ತಿದ್ದನಂತೆ. ಹೆಚ್ಚಿನವು ಸತ್ತಿದ್ದವು. ಐದು ಬದುಕಿದ್ದವು.

ನಾನು ಗೂಡಿನ ಕೆಳಗೆ ಕೂತು ಗೊಬ್ಬರ ಬಾಚುತ್ತಿದ್ದೆ. ಅವು ಮೇಲಿನಿಂದ ಕತ್ತು ಹೊರಗೆ ಹಾಕಿ ನನ್ನನ್ನೇ ನೋಡುತ್ತಿದ್ದವು. ಒಂದು ಸದ್ದಿಲ್ಲ. ಎರಡು ಚೀಲ ತುಂಬಬೇಕಿತ್ತು, ಒಂದು ತುಂಬುವಷ್ಟರಲ್ಲಿ ನನಗೆ ನಾಚಿಕೆಯಾಯಿತು. ಪಂಪ್‌ಸೆಟ್ಟಿನವನನ್ನು ಕೇಳಿದರೆ, ತೆಗೆದುಕೊಂಡು ಹೋಗಿ ಮೇಡಂ, ಇಲ್ಲದಿದ್ದರೆ ನಾಯಿ ತಿನ್ನುತ್ತವೆ ಅಂದ. ಎರಡನೇ ಚೀಲದಲ್ಲಿ ಕೋಳಿ ಬಂದವು. ಯಜಮಾನರು ಎರಡೂ ಚೀಲಗಳನ್ನು ಆಟೊಗೆ ಹಾಕಿದರು. ಮನೆ ಹತ್ತಿರ ಬಂದಾಗ, ಗೊಬ್ಬರದ ಚೀಲ ಯಾವುದು ಕೋಳಿಯ ಚೀಲ ಯಾವುದು ವಾಸನೆಯಲ್ಲಿ ಗೊತ್ತಾಗುತ್ತಿಲ್ಲ ಎಂದಷ್ಟೇ ಹೇಳಿದರು.

ಅಂಗಳದಲ್ಲಿ ಚೀಲ ಬಿಚ್ಚಿದೆ. ಅತ್ತೆಗೆ ಆಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಆಗಬೇಕಿತ್ತು. ಜಗುಲಿಯ ಮೇಲಿಂದ ಬಗ್ಗಿ, ಅದೇನು ಹರಿದ ಚಾಪೆಯಾ ಎಂದು ಮಗನನ್ನು ಕೇಳಿದರು. ನೋಡಲು ಹಾಗೇ ಇದ್ದವು. ಬೆನ್ನಿನ ಮೇಲೆ ಪುಕ್ಕವಿಲ್ಲ, ಕತ್ತು ಕೆಂಪಗೆ ಬೆತ್ತಲೆ, ಕೊಕ್ಕಿನ ತುದಿಯನ್ನು ಎಳವೆಯಲ್ಲೇ ಯಾರೋ ಕತ್ತರಿಸಿದ್ದರು. ನೆಲದ ಮೇಲೆ ಬಿಟ್ಟರೆ ನಡೆಯಲಿಲ್ಲ. ಐದೂ ಒಂದಕ್ಕೊಂದು ಒತ್ತಿಕೊಂಡು ಸಾಲಾಗಿ ನಿಂತವು. ಅಷ್ಟು ದೊಡ್ಡ ಅಂಗಳ ಖಾಲಿ ಬಿದ್ದಿದ್ದರೂ ಒಂದು ಗೇಣು ಜಾಗದಲ್ಲಿ ನಿಂತುಕೊಂಡವು.

ಇಲ್ಲಿಂದ ನನ್ನ ಮೇಡಂತನ ಶುರುವಾಯಿತು. ಕೋಳಿಗೆ ಕೋಳಿಯಾಗಿರುವುದು ಹೇಗೆಂದು ಕಲಿಸುವ ಭಾರವನ್ನು ನಾನೇ ಹೊತ್ತುಕೊಂಡೆ. ಒಂದೊಂದನ್ನೇ ಎತ್ತಿಕೊಂಡು ಹೋಗಿ ತಿಪ್ಪೆ ತೋರಿಸಿದೆ. ಹುಳ ತೋರಿಸಿದೆ, ಕೋಳಿಗಳು ಹೆದರಿದವು. ಕೋಳಿಗೆ ಮಣ್ಣಿನಲ್ಲಿ ಹೊರಳುವುದೇ ಸ್ನಾನ, ಅದರಿಂದ ಹೇನು ಹೋಗುತ್ತದೆ. ಇವಕ್ಕೆ ಆ ವಿದ್ಯೆಯೇ ಗೊತ್ತಿರಲಿಲ್ಲ. ಒಲೆಯ ಬೂದಿ, ಮರಳು ಬೆರೆಸಿ ಗುಂಡಿ ಮಾಡಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮೊಣಕೈ ಬಡಿದು ಬೂದಿ ಎರಚಿಕೊಂಡು ತೋರಿಸಿದೆ. ನನ್ನ ಸೀರೆ, ಕೂದಲೆಲ್ಲ ಬೂದಿಯಾಯಿತು. ಕೋಳಿಗಳು ಸಾಲಾಗಿ ನಿಂತು ನೋಡಿದವು. ಬೇಲಿಯಾಚೆ ಪಕ್ಕದ ಮನೆಯವರೂ ನಿಂತು ನೋಡಿದರು. ಮರುದಿನ ಹಾಲಿನ ಡೈರಿಯಲ್ಲಿ ನನಗೆ ಜಾಗ ಬಿಟ್ಟುಕೊಟ್ಟವರ ಮುಖದಲ್ಲಿ ಮರುಕವಿತ್ತು.

ಕೊನೆಗೆ ಬೇವಿನ ಸೊಪ್ಪಿನ ನೀರು ಕಾಯಿಸಿ ನಾನೇ ಸ್ನಾನ ಮಾಡಿಸಿದೆ. ನಾಟಿ ಕೋಳಿಯ ಮೇಲೆ ಒಂದು ಹನಿ ನೀರು ಬಿದ್ದರೆ ಸಾಕು, ಮೈ ಕೊಡವಿ ನಮ್ಮ ಮುಖಕ್ಕೆಲ್ಲ ಹಾರಿಸುತ್ತದೆ. ಇವು ಆಧಾರ್ ಕಾರ್ಡಿಗೆ ಫೋಟೊ ತೆಗೆಸಿಕೊಳ್ಳುವವರ ಥರ ಅಲುಗಾಡದೆ ನಿಂತವು. ಮೈಯಿಂದ ನೀರು ತಾನಾಗಿ ಇಳಿದುಹೋಗುವವರೆಗೂ ಹಾಗೇ. ಗೂಡಿನಲ್ಲಿ ಮೈ ಕೊಡವಿದರೆ ಪಕ್ಕದ ಕೋಳಿ ಕುಟುಕುತ್ತಿತ್ತೇನೋ, ಅಂತೂ ಆ ಅಭ್ಯಾಸವೇ ತಪ್ಪಿಹೋಗಿತ್ತು. ಇದನ್ನು ಕಂಡುಹಿಡಿದ ಹೆಮ್ಮೆಯಲ್ಲಿ ಸ್ಟಾಫ್‌ರೂಮಿನಲ್ಲಿ ಅರ್ಧ ಗಂಟೆ ಭಾಷಣ ಮಾಡಿದೆ. ಯಾರೂ ಪ್ರಶ್ನೆ ಕೇಳಲಿಲ್ಲ.

ಸ್ನಾನವಾದ ಮೇಲೆ ಬೋಳು ಮೈಗೆ, ಗಾಯಗಳಿಗೆ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದೆ. ಇದು ನಾನು ಮಾಡಿದ ದೊಡ್ಡ ಎಡವಟ್ಟು. ನಮ್ಮ ಸೀಮೆಯಲ್ಲಿ ಕೋಳಿಗೆ ಅರಿಶಿನ ಹಚ್ಚುವುದು ಯಾವಾಗ ಎಂದು ಎಳೆ ಮಗುವಿಗೂ ಗೊತ್ತು. ಪುಕ್ಕ ಕಿತ್ತ ಮೇಲೆ, ಬೆಂಕಿಯಲ್ಲಿ ಸುಡುವ ಮೊದಲು. ಹೊತ್ತು ಮುಳುಗುವ ಮೊದಲು ನಮ್ಮ ಹಿತ್ತಲಿನಲ್ಲಿ ಪುಕ್ಕವಿಲ್ಲದ ಐದು ಹಳದಿ ಕೋಳಿಗಳು ನಿಂತಿದ್ದವು. ಖಾರ ಅರೆಯುವುದೊಂದು ಬಾಕಿ ಎಂದು ದಾರಿಯಲ್ಲಿ ಹೋಗುವವರೆಲ್ಲ ಹೇಳಿ ಹೋದರು.

ಮುಂದಿನ ಭಾನುವಾರ ಮೈದುನ ಬಂದ. ಶ್ರೀರಂಗಪಟ್ಟಣದಲ್ಲಿ ಅಂಗಡಿ ಇಟ್ಟುಕೊಂಡಿರುವ ಅವನು ಒಳ್ಳೆಯವನೇ. ಆದರೆ ಭಾನುವಾರ ಬಾಡು ಇಲ್ಲದಿದ್ದರೆ ಅವನಿಗೆ ಅದು ಭಾನುವಾರವೇ ಅಲ್ಲ. ಹಿತ್ತಲಿಗೆ ಹೋದವನು ಒಂದು ಕೋಳಿಯನ್ನು ರೆಕ್ಕೆ ಹಿಡಿದು ಎತ್ತಿ, ತೂಕ ನೋಡಿ, ಎಲುಬಿದೆ ಅತ್ಗಮ್ಮ, ಎಸರಿಗೆ ಪರವಾಗಿಲ್ಲ ಅಂದ. ಇವು ಸಾಕಲು ತಂದವು ಅಂದೆ. ಮತ್ತೆ ಅರಿಶಿನ ಯಾಕೆ ಅಂದ. ಗಾಯಕ್ಕೆ ಅಂದೆ. ಕೋಳಿ ಗಾಯಕ್ಕೆ ಅರಿಶಿನ ಹಚ್ಚುವ ಮನುಷ್ಯರನ್ನು ಅವನು ಕಂಡಿರಲಿಲ್ಲ. ನಕ್ಕು ಈಳಿಗೆಮಣೆ ಎಲ್ಲಿ ಎಂದು ಹುಡುಕತೊಡಗಿದ. ಆಗ ನನ್ನ ಬಾಯಿಂದ ಆ ಮಾತು ಬಂತು.

"ಅದನ್ನ ಮುಟ್ಟಬೇಡ. ಮಾರಮ್ಮನಿಗೆ ಹೊತ್ತಿರೋ ಹರಕೆ ಕೋಳಿ ಅವು."

ಅವನು ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಬಿಟ್ಟ. ಹರಕೆಯ ಕೋಳಿಗೂ ಹೀಗೇ ಅರಿಶಿನ ಬಳಿದು ಬಿಡುತ್ತಾರೆ, ಹಬ್ಬದವರೆಗೆ ಯಾರೂ ಮುಟ್ಟುವುದಿಲ್ಲ. ಕಳ್ಳರೂ ಮುಟ್ಟುವುದಿಲ್ಲ. ಯಾತಕ್ಕೆ ಹೊತ್ತದ್ದು ಎಂದು ಅವನು ಕೇಳಿದ. ಜಗುಲಿಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದ ಅತ್ತೆ ಕಣ್ಣಿಗೆ ಬಿದ್ದರು. ಅತ್ತೆಯ ಕಣ್ಣು ಆಪರೇಷನ್ನು ಚೆನ್ನಾಗಿ ಆಗಲಿ ಅಂತ, ಅಂದೆ. ವಿಜ್ಞಾನದ ಮೇಡಂ, ಪ್ರತಿ ವರ್ಷ ಮೂಢನಂಬಿಕೆಯ ಮೇಲೆ ಪ್ರಬಂಧ ಬರೆಸುವವಳು, ಉಸಿರು ತೆಗೆದುಕೊಳ್ಳುವಷ್ಟು ಹೊತ್ತಿನಲ್ಲಿ ದೇವಿಯನ್ನೇ ಕಾವಲಿಗೆ ನಿಲ್ಲಿಸಿದೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಸೊಪ್ಪು ಸೋಸುತ್ತಿದ್ದ ಕೈ ನಿಂತಿತ್ತು. ಅವತ್ತು ಅತ್ತೆ ಊಟಕ್ಕೆ ಕೂತಾಗ ಮಗನಿಗಲ್ಲ, ನೇರ ನನಗೇ, ಉಪ್ಪು ಸರಿಯಾಗಿದೆ ಎಂದು ಹೇಳಿದರು. ನಾನು ಮದುವೆಯಾಗಿ ಬಂದ ಹೊಸದರಲ್ಲೂ ಅವರು ನನಗೆ ಹಾಗೆ ಹೇಳಿದವರಲ್ಲ. ಮರುದಿನದಿಂದ ಕೋಳಿಗಳ ಮೇಲೆ ಮುಚ್ಚಿದ ಬಿದಿರಿನ ಮಂಕರಿ ತೆಗೆಯುವುದು, ನೀರಿಡುವುದು, ಪಕ್ಕದ ಮನೆಯ ಹುಂಜವನ್ನು ಓಡಿಸುವುದು ಎಲ್ಲ ಅವರದೇ ಆಯಿತು. ಸರಿಯಾಗಿ ಕಾಣದ ಕಣ್ಣಲ್ಲೇ ತಡವಿಕೊಂಡು ಹೋಗಿ ಅರಿಶಿನವನ್ನೂ ಅವರೇ ಹಚ್ಚುತ್ತಿದ್ದರು. ನೀರಿಗೆ ಹೋದಲ್ಲಿ, ಡೈರಿಯಲ್ಲಿ, ನಮ್ಮ ಸೊಸೆ ನನ್ನ ಕಣ್ಣಿಗಾಗಿ ಐದು ಕೋಳಿ ಹೊತ್ತಿದ್ದಾಳೆ ಎಂದು ಊರಿಗೆಲ್ಲ ಹೇಳಿದರು. ನಾನು ಇದನ್ನು ಬೇಡ ಅನ್ನಲಿಲ್ಲ. ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಮೊದಲೇ ಸುಳ್ಳು ಹೇಳುತ್ತಿದ್ದೆ.

ಸಂಕ್ರಾಂತಿ ಕಳೆದು ಮೈಸೂರಿನಲ್ಲಿ ಆಪರೇಷನ್ ಆಯಿತು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಕಪ್ಪು ಕನ್ನಡಕ ತೆಗೆದ ಮೇಲೆ ಅತ್ತೆ ಮನೆಯನ್ನೆಲ್ಲ ನೋಡುತ್ತಾ ಓಡಾಡಿದರು. ನನ್ನ ಅಡುಗೆಮನೆಯ ಮೂಲೆಯ ಜಿಡ್ಡನ್ನೂ ನೋಡಿದರು, ಆದರೆ ಏನೂ ಅನ್ನಲಿಲ್ಲ. ಹಿತ್ತಲಿಗೆ ಹೋಗಿ ಕೋಳಿಗಳನ್ನು ನೋಡಿದರು. ಅಷ್ಟು ಹೊತ್ತಿಗೆ ಅವಕ್ಕೆ ಕಂದು ಪುಕ್ಕ ಮೂಡುತ್ತಿತ್ತು, ಒಂದೆರಡು ಮೊಟ್ಟೆಯನ್ನೂ ಇಟ್ಟಿದ್ದವು. ಅತ್ತೆ ಬಹಳ ಹೊತ್ತು ಅಲ್ಲೇ ನಿಂತಿದ್ದು, ಬಂದು, ಮಾರಿಹಬ್ಬ ಯಾವತ್ತು ಎಂದು ಮಗನನ್ನು ಕೇಳಿದರು.

ಹಬ್ಬ ಅಂತ ಒಂದಿದೆ, ಹರಕೆ ಹೊತ್ತರೆ ಅದನ್ನು ಒಪ್ಪಿಸಬೇಕು ಎಂಬುದು ನನಗೆ ಹೊಳೆದದ್ದು ಆಗಲೇ ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಲಿಲ್ಲ. ಈ ಊರಿಗೇ ಸೊಸೆಯಾಗಿ ಬಂದು, ಪ್ರತಿ ವರ್ಷವೂ ಆ ಹಬ್ಬದ ಬಾಡೆಸರು ಉಂಡವಳು ನಾನು. ಹರಕೆಯ ಕೋಳಿಯನ್ನು ಹಬ್ಬದವರೆಗೆ ಯಾರೂ ಮುಟ್ಟುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು, ಹಬ್ಬದ ದಿನ ಏನಾಗುತ್ತದೆಂಬುದನ್ನು ಮರೆತಿದ್ದೆ. ಒಂದೆರಡು ಸಲ ಯಜಮಾನರ ಹತ್ತಿರ ಗೋಳಾಡಿದೆ. ನಿಜ ಹೇಳಿಬಿಡು ಅಂದರು. ಹೇಗೆ ಹೇಳುವುದು? ದಿನಾ ಬೆಳಿಗ್ಗೆ ಅತ್ತೆ ನನಗೆ ಕಾಫಿ ತಂದು ಕೊಡುತ್ತಿದ್ದರು.

ಆಗ ನನಗೆ ಒಂದು ಉಪಾಯ ಹೊಳೆಯಿತು. ಗುಡಿಯ ಮುಂದೆ ಕೋಳಿ ಕುಯ್ಯುವುದು ಈಗ ಇಲ್ಲ, ಅದಕ್ಕೆ ಕಾನೂನಿದೆ. ಪೂಜಾರಪ್ಪನ ಕೈಯಲ್ಲಿ ತೀರ್ಥ ಹಾಕಿಸಿಕೊಂಡು ಹೋಗಿ ಅವರವರ ಹಿತ್ತಲಲ್ಲಿ ಕುಯ್ಯುತ್ತಾರೆ. ಆದರೆ ತೀರ್ಥ ಬಿದ್ದಾಗ ಕೋಳಿ ಮೈ ಕೊಡವಬೇಕು. ಕೊಡವಿದರೆ ಅಮ್ಮ ಒಪ್ಪಿದಳು ಎಂದು ಅರ್ಥ. ಕೊಡವದಿದ್ದರೆ ಒಪ್ಪಲಿಲ್ಲ, ಕುಯ್ಯುವಂತಿಲ್ಲ. ನಮ್ಮ ಕೋಳಿಗಳು ಕೊಡಪಾನ ನೀರು ಸುರಿದರೂ ಕೊಡವುವುದಿಲ್ಲ ಎಂಬುದು ಇಡೀ ಊರಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹಬ್ಬದ ಹಿಂದಿನ ದಿನವೂ ಬಚ್ಚಲಲ್ಲಿ ನೀರು ಚಿಮುಕಿಸಿ ಪರೀಕ್ಷೆ ಮಾಡಿದೆ. ಐದೂ ಪಾಸಾದವು. ಕೋಳಿಯೂ ಉಳಿಯಿತು, ಸುಳ್ಳೂ ಉಳಿಯಿತು, ಕಾಫಿಯೂ ಉಳಿಯಿತು ಎಂದು ಖುಷಿಯಲ್ಲಿ ಆ ಸಂಜೆ ಸೀರೆ ಇಸ್ತ್ರಿ ಮಾಡಿಕೊಂಡೆ.

ಹಬ್ಬದ ದಿನ ಮೈದುನನ ಸಂಸಾರವೂ ಬಂತು. ಮನೆಯಲ್ಲಿ ಅವನ ಹೆಂಡತಿ ಖಾರ ಅರೆದಿಟ್ಟಳು. ಮಂಕರಿಯಲ್ಲಿ ಕೋಳಿಗಳನ್ನು ಕೂರಿಸಿಕೊಂಡು ಗುಡಿಗೆ ಹೋದೆವು. ಅತ್ತೆ ಹೊಸ ಸೀರೆ ಉಟ್ಟಿದ್ದರು. ದಾರಿಯಲ್ಲಿ ಸಿಕ್ಕವರ ಮುಖಗಳನ್ನೆಲ್ಲ ದೂರದಿಂದಲೇ ಗುರುತು ಹಿಡಿದು ಮಾತಾಡಿಸುತ್ತಾ ಬಂದರು. ಪೂಜಾರಪ್ಪ ಒಂದೊಂದೇ ಕೋಳಿಯ ತಲೆಗೆ, ಬೆನ್ನಿಗೆ ತೀರ್ಥ ಹಾಕಿದ. ಮೊದಲನೆಯದು ಅಲುಗಾಡಲಿಲ್ಲ. ಎರಡನೆಯದೂ ಇಲ್ಲ. ಐದರದೂ ಒಂದೇ ಕಥೆ. ಮತ್ತೆ ಹಾಕಿದ. ಬೇವಿನ ಸೊಪ್ಪಿನಲ್ಲಿ ಅದ್ದಿ ಅದ್ದಿ ಹಾಕಿದ. ಸುತ್ತ ನಿಂತವರು ಕೊಡವು ತಾಯಿ, ಕೊಡವು ಎಂದು ಕೈಮುಗಿದರು. ನಾನು ತಲೆ ತಗ್ಗಿಸಿಕೊಂಡಿದ್ದೆ. ಜನ ಭಕ್ತಿಯಿಂದ ಅಂದುಕೊಂಡಿರಬೇಕು, ನಗು ಮುಚ್ಚಿಕೊಳ್ಳಲು ತಗ್ಗಿಸಿದ್ದೆ.

ಅಮ್ಮ ಒಪ್ಪುತ್ತಿಲ್ಲ, ಏನೋ ಹೆಚ್ಚುಕಮ್ಮಿಯಾಗಿದೆ ಎಂದು ಪೂಜಾರಪ್ಪ ತಂಬಿಗೆ ಕೆಳಗಿಟ್ಟ. ನನ್ನ ಲೆಕ್ಕದಲ್ಲಿ ಇಲ್ಲಿಗೆ ಮುಗಿದಿತ್ತು. ಅಷ್ಟರಲ್ಲಿ ಅತ್ತೆ ನನ್ನ ಪಕ್ಕದಿಂದ ಮುಂದೆ ಹೋದರು. ಕಲ್ಲಿನ ಮೇಲೆ ಮಂಡಿಯೂರಿದರು. ಬೆನ್ನು ಬಗ್ಗಿಸಿ ಕೈಮುಗಿದರು.

"ತಪ್ಪು ಇವಳ್ದಲ್ಲ ಕಣವ್ವ, ನಂದು. ಎರಡ್ನೇದೂ ಎಣ್ಣಾಯ್ತು ಅಂತ, ಇವಳ ಬಾಣಂತನಕ್ಕೆ ಅಂತ ಸಾಕಿದ್ದ ಕೋಳಿನೆಲ್ಲ ಕೆ.ಆರ್. ಪೇಟೆಗೆ ಮಗಳ ಮನೆಗೆ ಕಳಿಸ್ಬುಟ್ಟೆ. ರೋಗ ಬಂದು ಸತ್ತೋದ್ವು ಅಂತ ಇವಳ್ಗೆ ಯೋಳ್ದೆ. ಬರೀ ಮೆಣಸಿನ ನೀರು ಉಯ್ದೆ. ಆಲು ಸಾಲ್ದೆ ಆ ಮಗ ಅಳ್ತಿದ್ರೂ ಸುಮ್ಕಿದ್ದೆ. ಅದುಕ್ಕೇ ಒಲ್ಲೆ ಅಂತಿದ್ದೀಯ. ಕೊಟ್ಟ ಕಣ್ಣ ಬೇಕಾರೆ ವಾಪಸ್ ಈಸ್ಕೊ, ಈ ಪಾಪನ ಇವಳ ಮಕ್ಕಳ ಮ್ಯಾಲೆ ಆಕ್ಬ್ಯಾಡ."

ನನ್ನ ತಾಯಿ ಆಗ ಇರಲಿಲ್ಲ, ಅದಕ್ಕೇ ನನ್ನ ಬಾಣಂತನ ಗಂಡನ ಮನೆಯಲ್ಲಾಯಿತು. ಕೋಳಿಗಳಿಗೆ ರೋಗ ಬಂತು ಎಂದಾಗ ನಂಬಿದ್ದೆ. ಮಗು ಹಸಿವಿನಿಂದ ಅತ್ತದ್ದಕ್ಕೆ ನನ್ನ ಮೈಯನ್ನೇ ಬೈದುಕೊಂಡಿದ್ದೆ. ಈಗ ಇಷ್ಟು ಜನರ ಮುಂದೆ ಅದು ಸುಳ್ಳೆಂದು ಗೊತ್ತಾದಾಗ ನನಗೆ ಬಂದ ಸಿಟ್ಟು ಹೇಳತೀರದು. ಆ ಬಾಗಿದ ಬೆನ್ನನ್ನು ನೋಡುತ್ತಾ, ಇರಲಿ, ಇನ್ನೂ ಸ್ವಲ್ಪ ಹೊತ್ತು ಹೀಗೇ ಇರಲಿ ಎಂದು ನನಗೆ ನಿಜವಾಗಿ ಅನ್ನಿಸಿತು. ಸುಮ್ಮನಿದ್ದರೆ ಕೋಳಿಯೂ ಉಳಿಯುತ್ತಿತ್ತು, ಊರಿನ ಮುಂದೆ ನಾನೇ ಗೆದ್ದವಳಾಗುತ್ತಿದ್ದೆ. ಆದರೆ ಅವರು ಹೆದರಿದ್ದರು. ಇಷ್ಟು ಕಾಲಕ್ಕೆ ಬಂದ ಕಣ್ಣನ್ನು ದೇವಿ ಈಗಲೇ ಕಿತ್ತುಕೊಳ್ಳುತ್ತಾಳೆಂದು ರೆಪ್ಪೆ ಬಿಗಿಯಾಗಿ ಮುಚ್ಚಿಕೊಂಡಿದ್ದರು. ಆ ಹೆದರಿಕೆ ದೇವಿಯದಲ್ಲ, ನಾನು ಬಚ್ಚಲಲ್ಲಿ ಪರೀಕ್ಷೆ ಮಾಡಿ ತಂದದ್ದು.

ಹೋಗಿ ಅವರ ಪಕ್ಕ ಕೂತೆ. "ಅತ್ತೆಮ್ಮ, ಕಣ್ಣು ಬಿಡಿ. ಹರಕೆ ಅಂದದ್ದು ಸುಳ್ಳು. ಕೋಳಿ ಉಳಿಸ್ಕೊಳೋಕೆ ಹೇಳ್ದೆ. ನಾನು ಯಾವ ದೇವರಿಗೂ ಏನೂ ಹೊತ್ತಿಲ್ಲ. ಇವು ಗೂಡಲ್ಲಿ ಬೆಳೆದವು, ಮೈ ಕೊಡವೋದು ಇವಕ್ಕೆ ಬರಲ್ಲ. ಅದು ನಂಗೆ ಮೊದಲೇ ಗೊತ್ತಿತ್ತು."

ಹಿಂದೆ ಯಾರೋ ನಕ್ಕರು. ಪೂಜಾರಪ್ಪ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದು ಬೇಡ. ಮೂಢನಂಬಿಕೆಯ ಪ್ರಬಂಧ ಬರೆದ ನನ್ನ ಹಳೇ ವಿದ್ಯಾರ್ಥಿಗಳೂ ಆ ಗುಂಪಿನಲ್ಲಿದ್ದರು. ಅತ್ತೆ ಮೆಲ್ಲಗೆ ಕಣ್ಣು ಬಿಟ್ಟರು. ಆಪರೇಷನ್ನಾದ ಮೇಲೆ ಅವರು ನನ್ನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು, ನನಗೂ ಬೈಯಲು ಬೇಕಾದಷ್ಟಿತ್ತು.

"ನೀನೇಳಿದ್ದು ಸುಳ್ಳಾದ್ರೂ," ಅಂದರು, "ನಾನೇಳಿದ್ದು ನಿಜ ಕಣಮ್ಮಿ."

ಇಬ್ಬರೂ ಮಂಕರಿಯ ಒಂದೊಂದು ಬದಿ ಹಿಡಿದು ಮನೆಗೆ ಬಂದೆವು. ಹಿತ್ತಲಿನಲ್ಲಿ ಮೈದುನ, ಹರಕೆ ಇಲ್ಲ ಎಂದ ಮೇಲೆ ಇವನ್ನು ಸುಮ್ಮನೆ ಯಾಕೆ ಸಾಕಬೇಕು, ಖಾರವೂ ಅರೆದಾಗಿದೆ ಎಂದು ಶುರು ಮಾಡಿದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೋಳಿಗಳಿಗಿದ್ದ ಒಂದೇ ಕಾವಲನ್ನು ನಾನೇ ನನ್ನ ಬಾಯಿಂದ ತೆಗೆದುಹಾಕಿ ಬಂದಿದ್ದೆ. ಅತ್ತೆ ಮಂಕರಿ ಬೋರಲು ಹಾಕಿ, ಅದರ ಮೇಲೆ ಕಲ್ಲಿಟ್ಟು, ಅವನ ಕಡೆ ತಿರುಗದೆ ಹೇಳಿದರು: "ಬಾಡು ಬೇಕಾರೆ ಅಂಗಡೀಗೋಗ್ಲಾ. ಇವುಕ್ಕೆ ಕೈ ಆಕ್ಬ್ಯಾಡ. ಇವು ಅವಳವು." ಅವನು ಬೈಕು ತೆಗೆದುಕೊಂಡು ಪಾಂಡವಪುರಕ್ಕೆ ಹೋದ.

ಅತ್ತೆಯನ್ನು ಕ್ಷಮಿಸಿದೆನೇ ಎಂದು ಯಜಮಾನರು ಕೇಳಿದರು. ಇಲ್ಲ ಅಂದೆ. ಈಗಲೂ ಪೂರ್ತಿ ಇಲ್ಲ. ಅಡುಗೆಮನೆಯಲ್ಲಿ ಇದ್ದಕ್ಕಿದ್ದಂತೆ ನೆನಪಾಗಿ ಡಬ್ಬಿಯನ್ನು ಜೋರಾಗಿ ಇಡುತ್ತೇನೆ. ಅವರಿಗೆ ಗೊತ್ತಾಗುತ್ತದೆ, ಸುಮ್ಮನಿರುತ್ತಾರೆ. ಸುಳ್ಳು ಹೇಳಿ ಗಿಟ್ಟಿಸಿಕೊಂಡ ನಿಜವನ್ನು ಹಿಡಿದುಕೊಂಡು ಎಷ್ಟು ದಿನ ಮೆರೆಯಲಿ ಎಂದು ನನಗೂ ತಿಳಿಯುವುದಿಲ್ಲ.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಅತ್ತೆ ನನ್ನ ಹತ್ತಿರ ಬಂದು, ಚಿಕ್ಕವಳಿಗೆ ಫೋನು ಹಾಕು ಅಂದರು. ಅವರು ಯಾವತ್ತೂ ತಾವಾಗಿ ಫೋನು ಕೇಳಿದವರಲ್ಲ. ಹಾಕಿ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡರು. ಆ ಕಡೆಯಿಂದ ನನ್ನ ಮಗಳು ಗಾಬರಿಯಾಗಿ ಏನಾಯ್ತಜ್ಜಿ, ಏನಾಯ್ತು ಎಂದು ಕೇಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಅತ್ತೆ ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದರು. ಆಮೇಲೆ ಕೇಳಿದರು.

"ಉಂಡ್ಯಾ ಮಗ?"